ಚಂದ್ರಲೋಕದ ಒಡಪು

ಅಮೆರಿಕದವರು ಚಂದ್ರನ ಮೇಲೆ ಕಾಲಿಟ್ಟ ವರ್ಷ, ಗಡಹಿಂಗ್ಲಜದ ಆಚೆಗಿನ ಕುರಿಗಾರರ ಊರೊಂದರಲ್ಲಿ, ಹೊಸ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತನ್ನ ಮನೆಯ ಹೊಸ್ತಿಲ ಮುಂದೆ ಸತ್ಯಪ್ಪ ಒಂದು ಮಾತು ಕೊಟ್ಟ. ಅದನ್ನು ಯಾರೂ ಅವನಿಂದ ಕೇಳಿರಲಿಲ್ಲ. ಕೊಡದಿದ್ದರೂ ಮದುವೆ ಮುರಿಯುತ್ತಿರಲಿಲ್ಲ. ಆದರೆ ತಲೆಯ ಮೇಲೆ ಹೊಸ ಪಟಕಾ ಏರಿದ ಗಂಡಸಿನ ನಾಲಿಗೆ ಆ ದಿನದ ಮಟ್ಟಿಗೆ ಅವನ ಹಿಡಿತದಲ್ಲಿ ಇರುವುದಿಲ್ಲ.

ಹೊಸ್ತಿಲು ದಾಟುವ ಮೊದಲು ಒಡಪು ಹಾಕಿ, ಅಂದರೆ ಪ್ರಾಸದ ಒಂದು ಪದ್ಯ ಕಟ್ಟಿ, ಅದರಲ್ಲಿ ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಹೇಳುವುದು ನಮ್ಮ ಕಡೆಯ ಪದ್ಧತಿ. ಹೆಂಗಸಿಗೆ ಮುಂದೆ ಜನ್ಮವಿಡೀ ಗಂಡನ ಹೆಸರು ಹೇಳಲು ಇರುವ ದಾರಿ ಅದೊಂದೇ. ಒಡಪಿಲ್ಲದೆ ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆಯಾಗಿ ಬಂದವರೆಲ್ಲ ಹಾಲು, ಮಲ್ಲಿಗೆ, ಬೆಳ್ಳಿ ಬಟ್ಟಲು ಎಂದು ಏನೋ ನಾಲ್ಕು ಮಾತು ಕಟ್ಟಿ ಒಳಗೆ ಹೋಗುತ್ತಾರೆ. ಸತ್ಯಪ್ಪ ಮಾತ್ರ ಪೇಟೆಯ ಚಹದ ಅಂಗಡಿಯ ರೇಡಿಯೋದಲ್ಲಿ ಚಂದ್ರನ ಸುದ್ದಿ ಕೇಳಿ ಬಂದಿದ್ದ.

"ಹುಣ್ಣಿವಿ ಚಂದ್ರ ಹಿರಣ್ಯಕೇಶಿ ನೀರಾಗ ಇಳದಾನ,
ಮುಕ್ತಾಬಾಯಿ ಕೈ ಹಿಡದಾಂವ ಚಂದ್ರಲೋಕಕ್ಕ ಒಯ್ತಾನ."

ಜನ ಹೋ ಎಂದರು. ಹಲಗೆಯವನು ಹಲಗೆ ಬಡಿದ. ಈಗ ಹೆಣ್ಣಿನ ಸರದಿ. ಹದಿನೇಳರ ಮುಕ್ತಾಬಾಯಿ ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಅಲ್ಲಿ ಮುಟ್ಟಿದ ಮ್ಯಾಲ ಹೇಳ್ತೀನಿ ಹೆಸರ."

ಹೇಳಿ, ಹೊಸ್ತಿಲು ದಾಟಿ ಒಳಗೆ ಹೋದಳು. ಜನ ಇನ್ನೂ ಜೋರಾಗಿ ನಕ್ಕರು. ನಗು ಅವತ್ತಿಗೆ ಮುಗಿಯಿತು. ಮಾತು ಮುಗಿಯಲಿಲ್ಲ.

ಮುಂದೆ ಅವರು ಇಚಲಕರಂಜಿಗೆ ಬಂದು ನಮ್ಮ ಓಣಿಯಲ್ಲಿ, ನಮ್ಮದೇ ಗೋಡೆಗೆ ಹತ್ತಿ ಮನೆ ಮಾಡಿದರು. ಸತ್ಯಪ್ಪ ಮಗ್ಗದ ಶೆಡ್ಡಿನಲ್ಲಿ ಜಾಬರ್ ಆದ. ಮಗ್ಗ ಕೆಟ್ಟರೆ ಸರಿ ಮಾಡುವವನು ಜಾಬರ್. ಶೆಡ್ಡಿನಲ್ಲಿ ಮಾಲಕನ ನಂತರ ಅವನದೇ ಮಾತು. ಮೂರು ಮಕ್ಕಳಾದವು. ಹೆಸರು ಮಾತ್ರ ಮುಕ್ತಾಬಾಯಿಯ ಬಾಯಿಂದ ಬರಲಿಲ್ಲ. ಸಂಸಾರ ನಡೆಸಲು ಗಂಡನ ಹೆಸರು ಅಷ್ಟೇನೂ ಬೇಕಾಗುವುದಿಲ್ಲ ಎಂಬುದನ್ನು ಅವಳು ಹದಿನೈದು ವರ್ಷ ಸಾಧಿಸಿ ತೋರಿಸಿದಳು. ಬೇಕಾದ ಕಡೆ ನಾನಿದ್ದೆ. ಜನಗಣತಿಯ ಮಾಸ್ತರು ಬಾಗಿಲಲ್ಲಿ ನಿಂತು ಯಜಮಾನರ ಹೆಸರೇನೆಂದು ಕೇಳಿದರೆ ಇವಳು ಗೋಡೆಗೆ ತಿರುಗಿ "ವೈನೀ!" ಎನ್ನುವಳು; ನಾನು ರೊಟ್ಟಿ ಬಡಿಯುತ್ತಲೇ "ಸತ್ಯಪ್ಪಾ!" ಎಂದು ಕೂಗುವೆ. ಲೆಕ್ಕ ಹಾಕಿದರೆ ಆ ಮನುಷ್ಯನ ಹೆಸರನ್ನು ಈ ಊರಲ್ಲಿ ಅತಿ ಹೆಚ್ಚು ಸಲ ಹೇಳಿದ ಹೆಂಗಸು ನಾನೇ. ಇದರಲ್ಲಿ ನನಗೆ ಯಾವ ಸುಖವೂ ಇರಲಿಲ್ಲ.

ಕಷ್ಟ ಬರುತ್ತಿದ್ದದ್ದು ಸಂಕ್ರಮಣದ ಹಳದಿ-ಕುಂಕುಮದಲ್ಲಿ. ಓಣಿಯ ಹೆಂಗಸರೆಲ್ಲ ಕಿರಾಣಿ ಅಂಗಡಿಯ ಅಕ್ಕವ್ವನ ಮನೆಯಲ್ಲಿ ಸೇರಿ ಒಬ್ಬೊಬ್ಬರಾಗಿ ಒಡಪು ಹಾಕುವರು. ಅಕ್ಕವ್ವ ಕಟ್ಟುನಿಟ್ಟಿನ ಹೆಂಗಸು, ಒಡಪಿನ ವಿಷಯದಲ್ಲಿ ಅವಳದೇ ಕೊನೆಯ ತೀರ್ಪು. ಮೊದಲು ತಾನೇ ಶುರು ಮಾಡುವಳು:

"ಮಲ್ಲಿಗಿ ಮೊಗ್ಗಿ ಮಾಲಿ ಕಟ್ಟಿ ಬುಟ್ಟ್ಯಾಗ ಇಟ್ಟೀನಿ, ಅಣ್ಣಾಸಾಹೇಬರ ಹೆಸರ ಹೇಳಿ ಹೊಸ್ತಿಲ ದಾಟೀನಿ. ಹಾಂ, ಮುಕ್ತಾ, ಈಗ ನೀ ಹೇಳವಾ."

"ನಂದು ಇನ್ನೂ ಟೈಮ್ ಐತ್ರಿ ಅಕ್ಕಾರ."

"ಯಾಕವಾ, ಇನ್ನೂ ಮುಟ್ಟಿಲ್ಲೇನು ಚಂದ್ರಲೋಕ?"

"ಗಾಡಿ ಸಿಕ್ಕಿಲ್ರಿ."

ಹೆಂಗಸರು ಕುಸುರೆಳ್ಳು ಬಾಯಿಗೆ ಹಾಕಿಕೊಂಡು ಕುಲುಕುಲು ನಗುವರು. ಒಂದು ವರ್ಷ ಸತ್ಯಪ್ಪ, ಈ ಸಲವಾದರೂ ಹೇಳಿಯಾಳೆಂದು, ಅಕ್ಕವ್ವನ ಹಿತ್ತಿಲ ಬಾಗಿಲ ಸಂದಿಗೆ ಕಿವಿ ಹಚ್ಚಿ ನಿಂತಿದ್ದ. ಬೆಲ್ಲದ ಡಬ್ಬಿಯ ಇರುವೆಗಳು ಅವನ ಧೋತರ ಹತ್ತಿದವು. ಅವತ್ತು ಅವನು ಕುಣಿದ ಕುಣಿತವನ್ನು ಅಣ್ಣಾಸಾಹೇಬರು ಕಳ್ಳನ ಕುಣಿತವೆಂದು ತಿಳಿದು ಬಡಿಗೆ ತಂದದ್ದು ಬೇರೆ ಮಾತು.

ನನಗೆ ಗೊತ್ತಿದ್ದ ಒಂದು ವಿಷಯ ಅವನಿಗೆ ಗೊತ್ತಿರಲಿಲ್ಲ. ಮುಕ್ತಾಬಾಯಿಯ ಬಳಿ ಒಡಪು ಸಿದ್ಧವಿತ್ತು. ಗಂಡ ಪಾಳಿಗೆ ಹೋದ ಮೇಲೆ, ಪಾತ್ರೆ ತಿಕ್ಕುವಾಗ ಅವಳು ಅದನ್ನು ಮೆಲ್ಲಗೆ ಹೇಳಿಕೊಳ್ಳುವುದು ಗೋಡೆಯಾಚೆಗೆ ನನಗೆ ಕೇಳುತ್ತಿತ್ತು. ವರ್ಷಕ್ಕೊಮ್ಮೆ ಒಂದು ಶಬ್ದ ಬದಲಾಗುತ್ತಿತ್ತು. ಹೆಸರು ಬರುವ ಜಾಗದಲ್ಲಿ ಪಾತ್ರೆ ತಿಕ್ಕುವ ಸದ್ದು ಜೋರಾಗುತ್ತಿತ್ತು.

ಹೀಗಿರುವಾಗ, ನಮ್ಮ ದೇಶದವನೊಬ್ಬ ರಶಿಯಾದ ರಾಕೆಟ್ಟಿನಲ್ಲಿ ಕೂತು ಆಕಾಶಕ್ಕೆ ಹೋಗಿ ಬಂದ ವರ್ಷ, ಸತ್ಯಪ್ಪನ ಶೆಡ್ಡಿಗೆ ಗೋಕುಳ ಶಿರಗಾಂವದಿಂದ ಜಿನಗೊಂಡ ಎಂಬವನು ಬಂದ. ಅಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವನು. ಶೆಡ್ಡಿನ ಮೂಲೆಯ ಹಳೇ ಮಗ್ಗವನ್ನು ಗುಜರಿಗೆ ಕೊಳ್ಳುವುದು ಅವನ ಉದ್ದೇಶ. ಆ ಮಗ್ಗಕ್ಕೆ ಎಲ್ಲರೂ "ಮುದುಕಿ" ಎನ್ನುತ್ತಿದ್ದರು. ಉಳಿದ ಮಗ್ಗಗಳು ಖಟ್-ಪಟ್ ಎಂದರೆ ಮುದುಕಿ ಖಟ್-ಪಟ್ ಎಂದು ಒಂದು ಸಲ ಕೆಮ್ಮಿ ಮುಂದಕ್ಕೆ ಹೋಗುತ್ತಿತ್ತು. ಸತ್ಯಪ್ಪ ಹತ್ತು ವರ್ಷ ಅದರ ಆರೈಕೆ ಮಾಡಿದ್ದ.

"ಈ ಮುದುಕಿ ತೊಗೊಂಡು ಏನ್ ಮಾಡ್ತೀರಿ ಸಾಹೇಬ್ರ?"

"ರಾಕೆಟ್ ಮಾಡ್ತೀನಿ," ಎಂದ ಜಿನಗೊಂಡ.

ತಗಡಿನ ದೊಡ್ಡ ಡಬ್ಬಿ, ಒಳಗೆ ಬೆಂಚು, ಕೆಳಗೆ ಜೀಪಿನ ಸ್ಪ್ರಿಂಗು. ಮಗ್ಗದ ಯಂತ್ರ ತಿರುಗಿದರೆ ಡಬ್ಬಿ ಗಡಗಡ ಅಲುಗಬೇಕು. ಎದುರಿನ ಕಿಟಕಿಯಲ್ಲಿ ನಕ್ಷತ್ರ ಬರೆದ ಬಟ್ಟೆಯ ಸುರುಳಿ ಸರಿಯಬೇಕು. ಕೊನೆಗೆ ಎಲ್ಲ ಸದ್ದು ನಿಂತು, ಕತ್ತಲಾಗಿ, ಆ ಕತ್ತಲಲ್ಲಿ ಚಂದ್ರ ಬೆಳಗಬೇಕು. ಡಬ್ಬಿ ತಯಾರಿತ್ತು, ಯಂತ್ರವೊಂದೇ ಬಾಕಿ; ತಿಂಗಳೊಳಗೆ ಕೊಲ್ಲಾಪುರದ ಪ್ರದರ್ಶನದಲ್ಲಿ ಹೂಡುವ ಆಟ. ಹೆಸರು 'ಚಂದ್ರಲೋಕಾಚೀ ಸಫರ'.

ಸತ್ಯಪ್ಪನ ಕೈಯಿಂದ ನಟ್ಟು ತಿರುವುವ ಪಾನಾ ಕೆಳಗೆ ಬಿತ್ತು.

ಅವತ್ತೇ ಮನೆಗೆ ಬಂದು ಹೆಂಡತಿಯ ಮುಂದೆ ನಿಂತ. "ಏ, ತಯಾರಾಗು. ಚಂದ್ರಲೋಕಕ್ಕ ಹೊಂಟೇವಿ."

ಮುಕ್ತಾಬಾಯಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಡಬ್ಬಿಯಾಗಂತ? ಶೆಡ್ಡಿನ ಸುದ್ದಿ ಅಕ್ಕವ್ವಾರ ಹುಡುಗೂರು ಆಗಲೇ ಬಂದು ಹೇಳ್ಯಾರ."

ಸತ್ಯಪ್ಪನ ಮುಖ ಬಾಡಿತು.

"ಇರ್ಲಿ," ಎಂದಳು ಅವಳು, ಒಲೆಯ ಕಡೆ ತಿರುಗಿ. "ಡಬ್ಬಿಯಾದ್ರ ಡಬ್ಬಿ. ಚಂದ್ರ ಕಂಡ ಅಂದ್ರ ಸಾಕು. ಅಲ್ಲೇ ಕುಂತು ಹೆಸರ ಹೇಳ್ತೀನಿ. ಒಡಪು ಹಾಕಿ, ಎಲ್ಲಾರ ಮುಂದ."

ಇಷ್ಟಕ್ಕೆ ಬಿಟ್ಟಿದ್ದರೆ ಇಬ್ಬರೂ ಹೋಗಿ ಬಂದು, ಈ ಕಥೆ ಇಲ್ಲಿಗೇ ಮುಗಿದು, ನಾನೂ ಸ್ವಲ್ಪ ಬೇಗ ಮಲಗುತ್ತಿದ್ದೆ. ಆದರೆ "ಎಲ್ಲಾರ ಮುಂದ" ಎಂಬ ಮಾತು ಸತ್ಯಪ್ಪನ ತಲೆಗೆ ಹೊಕ್ಕಿತು. ಯಾರ ಎದುರಿಗೆ ಮಾತು ಕೊಟ್ಟಿದ್ದನೋ ಅವರ ಎದುರಿಗೇ ಅದು ನಡೆಯಬೇಕು. ಅತ್ತೆ ಮಾವ ಬರಬೇಕು. ಮರುದಿನ ಗಡಹಿಂಗ್ಲಜದ ಬಸ್ಸಿನ ಕಂಡಕ್ಟರನ ಕೈಗೆ ಎಲೆ-ಅಡಿಕೆ ಕೊಟ್ಟು ಸುದ್ದಿ ಕಳಿಸಿದ: "ಕಾಡಪ್ಪ ಮಾವಾರಿಗೆ ಹೇಳ್ರಿ, ನಿಮ್ಮ ಮಗಳನ್ನ ಚಂದ್ರಲೋಕಕ್ಕ ಕರಕೊಂಡು ಹೊಂಟೇನಿ ಅಂತ. ಕೊಲ್ಲಾಪುರ ಸ್ಟ್ಯಾಂಡಿಗೆ ಬಂದು ಬಿಡ್ರಿ ಅಂತ."

ಡಬ್ಬಿಯ ವಿಷಯ ಹೇಳಲಿಲ್ಲ. ಕಂಡಕ್ಟರ್ ಕೇಳಲೂ ಇಲ್ಲ. ಅವನು ಟಿಕೆಟ್ ಹರಿಯುತ್ತ ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿದ. ಆಕಾಶಕ್ಕೆ ನಮ್ಮವರು ಹೋಗುವುದು ಶುರುವಾಗಿದೆ, ಈಗ ಸಾದಾ ಜನರನ್ನೂ ಬಿಡುತ್ತಿದ್ದಾರೆ, ಮೊದಲ ನಂಬರು ಕಾಡಪ್ಪನ ಅಳಿಯಂದು ಎಂಬುದು ಬಸ್ಸು ಗಡಹಿಂಗ್ಲಜ ಮುಟ್ಟುವ ಹೊತ್ತಿಗೆ ಪಕ್ಕಾ ಆಗಿತ್ತು.

ನಾಲ್ಕು ದಿನದಲ್ಲಿ ಅದೇ ಕಂಡಕ್ಟರನ ಬಾಯಲ್ಲಿ ಅತ್ತೆ ಹಣಮವ್ವನ ಉತ್ತರ ಬಂತು. ಹುಣ್ಣಿಮೆಯ ದಿನವೇ ಹೋಗಬೇಕು. ಅಮಾವಾಸ್ಯೆಯ ಆಜೂಬಾಜೂ ಹೋದರೆ ಚಂದ್ರ ಎಳೆಯಷ್ಟು ಇರುತ್ತಾನೆ, ಇಳಿಯುವುದು ಎಲ್ಲಿ? ಕಾಲು ಜಾರಿದರೆ ಯಾರು ಜವಾಬ್ದಾರಿ?

"ಅತ್ತಿಯವರ ಮಾತಿನ್ಯಾಗ ವಿಚಾರ ಐತಿ," ಎಂದ ಸತ್ಯಪ್ಪ ಗಂಭೀರವಾಗಿ, ಮತ್ತು ಹುಣ್ಣಿಮೆಗೆ ರಜೆ ಕೇಳಿದ. ಮಾಲಕ ಕೊಡಲಿಲ್ಲ. ಹಿಂದಿನ ದಿನ ಹಗಲುಪಾಳಿಯ ಬೆನ್ನಿಗೇ ರಾತ್ರಿಪಾಳಿಯನ್ನೂ ಮಾಡಿದರೆ ಬಿಡುತ್ತೇನೆಂದ. ಸತ್ಯಪ್ಪ ಎರಡನ್ನೂ ಮಾಡಿದ. ಬೆಳಿಗ್ಗೆ ಮನೆಗೆ ಬಂದವನ ಕಣ್ಣು ಕೆಂಡದ ಹಾಗಿದ್ದವು. ಹೊಸ ಅಂಗಿ ಹಾಕಿಕೊಂಡು ಮಧ್ಯಾಹ್ನದ ಬಸ್ಸಿನ ತನಕ ನಿಂತೇ ಇದ್ದ. ಕೂತರೆ ನಿದ್ದೆ ಬಂದುಬಿಡುತ್ತದೆಂದು ಬಸ್ಸಿನಲ್ಲೂ ಕೂರಲಿಲ್ಲ.

ಸಾಕ್ಷಿಗೆ ಅಕ್ಕವ್ವ ಹೊರಟಳು. ನಾನೂ ಹೊರಟೆ. ನಮ್ಮ ಮಕ್ಕಳು ಅವರ ಮಕ್ಕಳು ಎಲ್ಲರನ್ನೂ ನನ್ನ ಯಜಮಾನರ ಕೊರಳಿಗೆ ಕಟ್ಟಿ ಬಂದಿದ್ದೆ. ಒಂದು ಹಗಲು ಆ ಭಾಗ್ಯ ಸಿಗುವುದಾದರೆ ನಾನು ಚಂದ್ರಲೋಕವೇನು, ಸೂರ್ಯಲೋಕಕ್ಕೂ ತಯಾರು.

ಕೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೋಡಿದರೆ ಒಂದು ಕಡೆ ಜನ ಗುಂಪು ಕಟ್ಟಿದ್ದರು. ನಡುವೆ ಕಾಡಪ್ಪ ಮಾವ: ಕೆಂಪು ಪಟಕಾ, ಹಣೆಯ ತುಂಬ ಭಂಡಾರ, ಹೆಗಲ ಮೇಲೆ ಎರಡು ಕರೀ ಕಂಬಳಿ. ಪಕ್ಕದಲ್ಲಿ ಬುತ್ತಿಯ ಗಂಟು ಹಿಡಿದ ಹಣಮವ್ವ. ಅವರಿಬ್ಬರ ನಡುವೆ, ಹಗ್ಗ ಸಹಿತ, ಸುರುಳಿ ಕೊಂಬಿನ ಒಂದು ಟಗರು.

"ಮಾವಾರ," ಎಂದ ಸತ್ಯಪ್ಪ, ಸ್ವರ ಇಳಿದು ಹೋಗಿತ್ತು. "ಟಗರ್ಯಾಕ ತಂದೀರಿ?"

"ಹೇಳ್ತೀನಿ ತಡೀರಿ ಅಳಿಯಾರ. ಮೊದಲ ಉಡಿ ತುಂಬ್ಲಿ."

ಮಗಳು ದೂರದ ಊರಿಗೆ ಹೊರಟರೆ ತಾಯಿಯಾದವಳು ಉಡಿ ತುಂಬಬೇಕು. ಹಣಮವ್ವ ಅಲ್ಲೇ, ಸಾಂಗಲಿ ಗಾಡಿಗೂ ಬೆಳಗಾವಿ ಗಾಡಿಗೂ ನಡುವಿನ ಜಾಗದಲ್ಲಿ, ಮಗಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕುಪ್ಪಸದ ಖಣ ಹಾಕಿ ಸೊಂಟಕ್ಕೆ ಕಟ್ಟಿದಳು. "ಮುಟ್ಟೂತನಕ ಬಿಚ್ಚಬ್ಯಾಡವಾ. ಬಾಳ ಚಳಿ ಇರ್ತದಂತ ಅಲ್ಲೆ. ಬೆಳದಿಂಗಳದಾಗ ಕುರಿ ಕಾದಾವ್ರಿಗೆ ಗೊತ್ತೈತಿ ಅದರ ಚಳಿ. ಇಲ್ಲಿತನಾನ ಇಷ್ಟು ಬರತೈತಿ, ಅಲ್ಲೆ ಎಷ್ಟಿರಬೇಕು!" ಎಂದು ಕಂಬಳಿ ಹೊದಿಸಿದಳು.

ಗುಂಪು ನೋಡಿ ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬ ತನ್ನ ಕಿಟಕಿಯಿಂದಲೇ, ಎಲ್ಲರೂ ಎಲ್ಲಿಗೆ ಹೊರಟಿರೆಂದು ಮರಾಠಿಯಲ್ಲಿ ಗದರಿದ: "ಓ ಮಾವಶೀ, ಕುಠೇ ಚಾಲಲಾತ ಸಗಳೇ?"

"ಚಂದ್ರಾವರ," ಎಂದಳು ಹಣಮವ್ವ.

ಸಾಹೇಬ ತಲೆ ಎತ್ತಲಿಲ್ಲ. "ತಿಕಡೇ ಥೇಟ ಗಾಡೀ ನಾಹೀ. ಬದಲಾವೀ ಲಾಗೇಲ."

ಅಲ್ಲಿಗೆ ನೇರ ಗಾಡಿ ಇಲ್ಲ, ನಡುವೆ ಬದಲಿಸಬೇಕು ಎಂಬುದು ಸರಕಾರಿ ಮನುಷ್ಯನ ಬಾಯಿಂದಲೇ ಬಂದ ಮೇಲೆ ಕಾಡಪ್ಪ ಮಾವನಿಗೆ ಉಳಿದಿದ್ದ ಚೂರು ಸಂಶಯವೂ ಹೋಯಿತು.

ಪ್ರದರ್ಶನದ ಮೈದಾನಕ್ಕೆ ನಾವು ನಡೆದೇ ಹೋದೆವು. ಮುಂದೆ ಟಗರು, ಹಿಂದೆ ಕಾಡಪ್ಪ, ಅವನ ಹಿಂದೆ ಕಂಬಳಿ ಹೊದ್ದು ಉಡಿ ಹೊತ್ತ ಮುಕ್ತಾಬಾಯಿ, ಮತ್ತೆ ನಾವು. ಸ್ಟ್ಯಾಂಡಿನಿಂದ ಬೆನ್ನು ಹತ್ತಿದ ಜನ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದ್ದರು. ಸತ್ಯಪ್ಪ ಎಲ್ಲರಿಗಿಂತ ಹಿಂದೆ, ಬೇರೆ ಯಾರೋ ಎಂಬ ಹಾಗೆ ಬರುತ್ತಿದ್ದ.

ಸಂಜೆಯಾಗಿತ್ತು. ಬೆಳ್ಳಿ ಬಣ್ಣ ಬಳಿದ ರಾಕೆಟ್ಟು ಮೂತಿ ಮೇಲೆ ಮಾಡಿ ಕೂತಿತ್ತು. ಜಿನಗೊಂಡ ಮೈಕಿನಲ್ಲಿ "ಚಲಾ ಚಲಾ, ಚಂದ್ರಾವರ ಚಲಾ!" ಎಂದು ಕೂಗುತ್ತಿದ್ದ. ಕಾಡಪ್ಪ ಅದರ ಸುತ್ತ ಒಂದು ಸುತ್ತು ಬಂದ. ತಗಡನ್ನು ಬೆರಳಿಂದ ಬಡಿದು ನೋಡಿದ.

"ಇದರಕಿಂತ ಕುರಿ ತುಂಬೋ ಲಾರಿ ಗಟ್ಟಿ ಇರತಾವು. ಇರ್ಲಿ. ಮೊದಲ ಟಗರು ಹೋಗ್ಲಿ."

"ಏನಂದ್ರಿ?" ಎಂದ ಜಿನಗೊಂಡ ಮೈಕಿನಲ್ಲೇ. ಇಡೀ ಮೈದಾನಕ್ಕೆ ಕೇಳಿತು.

ಕಾಡಪ್ಪ ಸಮಾಧಾನವಾಗಿ ವಿವರಿಸಿದ. ಹೊಳೆ ತುಂಬಿ ಬಂದಾಗ ದಾಟುವ ರೀತಿ ಒಂದೇ. ಮೊದಲು ಹಿಂಡಿನ ಮುಂದಾಳು ಟಗರನ್ನು ಬಿಡಬೇಕು. ಅದು ಆಚೆ ದಂಡೆ ಹತ್ತಿದರೆ ಕುರಿ, ಕುರಿ ದಾಟಿದರೆ ಮನುಷ್ಯರು. "ಹಿರಣ್ಯಕೇಶಿಯಂಥಾ ಗುರ್ತಿನ ಹೊಳಿಗೇನ ನಾವು ಟಗರಿಲ್ಲದ ಕಾಲಿಡಂಗಿಲ್ಲ. ನೀವು ಆಕಾಶ ದಾಟ್ಸಾಕ ಹೊಂಟೀರಿ. ಹೆಂಗ ಬಿಡೂಣು ಮಗಳನ್ನ?"

"ಅಲ್ರೀ ಯಜಮಾನ್ರ, ಇದು ಮನಶ್ಯಾರು ಕುಂದ್ರೂ ರಾಕೆಟ್—"

"ರಶಿಯಾದವ್ರು ಮೊದಲ ನಾಯಿ ಕಳಿಸಿದ್ರಂತ್ರಿ. ಅವರದು ನಾಯಿ, ನಮ್ಮದು ಟಗರು."

ಸುತ್ತಲಿನ ಜನ "ಬರೋಬರ್ ಐತಿ! ಸೋಡಾ ಮೇಂಢಾ, ಬಿಡ್ರಿ ಟಗರು!" ಎಂದು ಗದ್ದಲ ಮಾಡಿದರು. ಗದ್ದಲಕ್ಕೆ ಪ್ರದರ್ಶನದ ವ್ಯವಸ್ಥಾಪಕನೊಬ್ಬ ಓಡಿ ಬಂದ. ಟಗರಿಗೆ ದೊಡ್ಡವರ ಟಿಕೆಟ್ಟೋ ಮಕ್ಕಳ ಟಿಕೆಟ್ಟೋ ಎಂಬ ಬಗ್ಗೆ ಅವನಿಗೂ ಜಿನಗೊಂಡನಿಗೂ ಸ್ವಲ್ಪ ಹೊತ್ತು ಚರ್ಚೆಯಾಯಿತು. ಎತ್ತರದ ಗೆರೆಗೆ ನಿಲ್ಲಿಸಿ ನೋಡಿದಾಗ ಟಗರು ಗೆರೆಗಿಂತ ಕೆಳಗಿತ್ತು, ಕೊಂಬು ಹಿಡಿದರೆ ಸರಿಸಮ ಬರುತ್ತಿತ್ತು. ಕೊಂಬನ್ನು ಲೆಕ್ಕದಿಂದ ಬಿಟ್ಟರು. ಮಕ್ಕಳ ಟಿಕೆಟ್ಟಿನ ಮೇಲೆ ಟಗರು ರಾಕೆಟ್ ಹತ್ತಿತು.

ಬಾಗಿಲು ಮುಚ್ಚಿತು. ಗಡಗಡ ಶುರುವಾಯಿತು. ಮೈದಾನವೆಲ್ಲ ಉಸಿರು ಹಿಡಿದು ನಿಂತಿತು. ಹಣಮವ್ವ ಕಣ್ಣು ಮುಚ್ಚಿ ಬೀರಪ್ಪ ದೇವರನ್ನು ನೆನೆದಳು. ಸದ್ದು ನಿಂತಿತು. ಮತ್ತೆ ಶುರುವಾಯಿತು. ಕೊನೆಗೆ ಬಾಗಿಲು ತೆರೆಯಿತು.

ಟಗರು ಇಳಿದು ಬಂತು. ಅದರ ಬಾಯಲ್ಲಿ ಸೀಟಿನ ನಾರು ಇತ್ತು. ನಿಧಾನವಾಗಿ ಅಗಿಯುತ್ತಿತ್ತು.

"ಚಂದ್ರ ಬಂದಾಗ ಏನ್ ಮಾಡ್ತು?" ಎಂದು ಕಾಡಪ್ಪ ಕೇಳಿದ.

"ನೋಡ್ತು," ಎಂದ ಜಿನಗೊಂಡ, ಬೆವರು ಒರೆಸಿಕೊಂಡು. "ಇಷ್ಟು ಶಾಂತಲೆ ಯಾವ ಪ್ಯಾಸೆಂಜರೂ ನೋಡಿಲ್ಲ."

"ಹಂಗಾರ ನಡೀರಿ ಎಲ್ಲಾರೂ," ಎಂದ ಕಾಡಪ್ಪ, ಟಗರಿನ ಹಗ್ಗ ಹಿಡಿದು ಕೆಳಗೇ ನಿಂತುಕೊಂಡ. "ನಾ ಈ ದಂಡಿ ಕಾಯ್ತೀನಿ."

ನಾವು ಹತ್ತಿದೆವು. ಹಣಮವ್ವ, ಅಕ್ಕವ್ವ, ನಾನು, ಇನ್ನೂ ಕೆಲವರು ಹಿಂದೆ. ಮೊದಲ ಬೆಂಚಿನಲ್ಲಿ ಮುಕ್ತಾಬಾಯಿ, ಅವಳ ಪಕ್ಕಕ್ಕೆ ಸತ್ಯಪ್ಪ. ಅವನ ಎಡಗೈಯ ಹತ್ತಿರವೇ ಕಬ್ಬಿಣದ ಒಂದು ಹಿಡಿಕೆ ಇತ್ತು. ಮುದುಕಿಯದೇ ಹಿಡಿಕೆ. ಮಗ್ಗ ನಿಲ್ಲಿಸಲು ಎಳೆಯುತ್ತಿದ್ದ ಅದನ್ನು ಜಿನಗೊಂಡ ಇಲ್ಲಿ ರಾಕೆಟ್ಟಿನ ಮೂತಿ ಎತ್ತಿ ಹಿಡಿಯುವ ಕೊಂಡಿಗೆ ಜೋಡಿಸಿದ್ದ.

"ಬಂದಿ ಏನವಾ ಮುದುಕಿ," ಎಂದ ಸತ್ಯಪ್ಪ, ಅದನ್ನು ತಟ್ಟಿ.

ಮುಕ್ತಾಬಾಯಿ ಸೆರಗು ಸರಿ ಮಾಡಿಕೊಂಡಳು. ಉಡಿಯ ಗಂಟು ಮುಟ್ಟಿ ನೋಡಿಕೊಂಡಳು. ತುಟಿ ಅಲುಗುತ್ತಿದ್ದವು, ಅವಳು ಒಡಪನ್ನು ಕೊನೆಯ ಸಲ ತಿರುವಿ ಹಾಕುತ್ತಿದ್ದಳೆಂದು ನನಗೊಬ್ಬಳಿಗೆ ಗೊತ್ತಿತ್ತು. ಮೂವತ್ತೆರಡು ವಯಸ್ಸಿನ, ಮೂರು ಮಕ್ಕಳ ತಾಯಿಯ ಕಿವಿ ಕೆಂಪಾಗಿದ್ದವು.

ಇಲ್ಲಿ ಓದುವವರಿಗೆ ನಮ್ಮ ಇಚಲಕರಂಜಿಯ ಒಂದು ಗುಣ ತಿಳಿದಿರಬೇಕು. ಬೇರೆ ಊರಲ್ಲಿ ಸದ್ದಾದರೆ ಜನ ಏಳುತ್ತಾರೆ. ನಮ್ಮಲ್ಲಿ ಸದ್ದು ನಿಂತರೆ ಏಳುತ್ತಾರೆ. ಕೂಸುಗಳು ಮಗ್ಗದ ಖಟಪಟಕ್ಕೇ ಮಲಗುತ್ತವೆ. ಕರೆಂಟ್ ಹೋಗಿ ಮಗ್ಗ ನಿಂತವೋ, ಇಡೀ ಓಣಿ ದಿಗ್ಗನೆ ಎದ್ದು ಕೂರುತ್ತದೆ. ಜಾಬರನಾದವನಿಗೆ ಆಗ ಒಂದು ಕೆಲಸ. ಕತ್ತಲಲ್ಲೇ ಓಡಿ ಎಲ್ಲ ಮಗ್ಗಗಳ ಹಿಡಿಕೆ ಎಳೆಯಬೇಕು. ಬಿಟ್ಟರೆ, ಕರೆಂಟ್ ತಿರುಗಿ ಬಂದಾಗ ಮಗ್ಗಗಳೆಲ್ಲ ಒಮ್ಮೆಗೇ ಜಿಗಿದು ನೂಲು ಹರಿಯುತ್ತದೆ, ಲಾಳಿ ಹಾರಿ ಯಾರದಾದರೂ ಹಣೆ ಒಡೆಯುತ್ತದೆ. ಹತ್ತು ವರ್ಷ ಇದನ್ನು ಮಾಡಿದ ಕೈಗೆ ಯೋಚನೆ ಬೇಕಾಗುವುದಿಲ್ಲ.

ಜಿನಗೊಂಡ ಬಟನ್ ಒತ್ತಿದ. ಕೆಳಗೆ ಮುದುಕಿ ಎದ್ದಳು. ಖಟ್-ಪಟ್, ಕೆಮ್ಮು. ಖಟ್-ಪಟ್, ಕೆಮ್ಮು. ಡಬ್ಬಿ ಅಲುಗತೊಡಗಿತು. ಹಿಂದಿನ ಬೆಂಚಿನಿಂದ ಯಾರೋ ಕಿರುಚಿದರು. ಅಕ್ಕವ್ವ ನನ್ನ ತೋಳಿಗೆ ಉಗುರು ಊರಿ "ಶಿವಾ ಶಿವಾ" ಎಂದಳು. ಕಿಟಕಿಯಲ್ಲಿ ನಕ್ಷತ್ರಗಳು ಓಡತೊಡಗಿದವು. ಭೂಮಿ ಬಿಟ್ಟೆವೆಂದು ಜಿನಗೊಂಡ ಘೋಷಿಸಿದ.

ಸತ್ಯಪ್ಪ ಅಷ್ಟರಲ್ಲಿ ಭೂಮಿ ಆಕಾಶ ಎರಡನ್ನೂ ಬಿಟ್ಟಿದ್ದ. ಎರಡು ಪಾಳಿ ಮುಗಿಸಿ ನಿಂತೇ ಬಂದ ಮನುಷ್ಯ. ಕೂತ ಕೂಡಲೇ ಕೆಳಗಿನಿಂದ ಹತ್ತು ವರ್ಷದ ಗುರುತಿನ ತೊಟ್ಟಿಲು ತೂಗಿತು. ಅವನ ತಲೆ ಹೆಂಡತಿಯ ಹೆಗಲ ಮೇಲೆ ಬಿತ್ತು. ಗೊರಕೆ ಮುದುಕಿಯ ತಾಳಕ್ಕೆ ಸರಿಯಾಗಿ ಬರುತ್ತಿತ್ತು.

"ಮಲಗ್ಯಾನೇನ?" ಎಂದಳು ಹಣಮವ್ವ ಹಿಂದಿನಿಂದ, ಬೆರಗಾಗಿ. "ಆಕಾಶದಾಗ?"

"ಮಲಗ್ಲಿ ಬಿಡವಾ," ಎಂದಳು ಮುಕ್ತಾಬಾಯಿ. "ಚಂದ್ರ ಬಂದ ಮ್ಯಾಲ ಎಬ್ಬಸ್ತೀನಿ."

ನಾನು ನೋಡುತ್ತಿದ್ದೆ. ಅವಳು ಹೆಗಲನ್ನು ಸ್ವಲ್ಪ ತಗ್ಗಿಸಿ ಅವನ ತಲೆಗೆ ಸರಿಯಾದ ಜಾಗ ಮಾಡಿಕೊಟ್ಟಳು. ನಕ್ಷತ್ರಗಳು ಓಡುತ್ತಲೇ ಇದ್ದವು.

"ಈಗ ಚಂದ್ರಲೋಕ!" ಎಂದ ಜಿನಗೊಂಡ. "ಅಲ್ಲೆ ಗಾಳಿ ಇಲ್ಲ, ಸದ್ದಿಲ್ಲ. ಎಲ್ಲಾರೂ ಗಪ್!"

ಮುದುಕಿ ನಿಂತಳು. ಗಾಢವಾದ ಕತ್ತಲು. ಒಂದು ಪಿಸುಮಾತಿಲ್ಲ. ಚಂದ್ರನ ದೀಪದ ಬಟನ್‌ಗೆ ಜಿನಗೊಂಡ ಕೈ ಚಾಚಿದ್ದ. ಮುಕ್ತಾಬಾಯಿ ಗಂಟಲು ಸರಿ ಮಾಡಿಕೊಂಡದ್ದು ನನಗೆ ಕೇಳಿಸಿತು.

"ಲೈಟ್ ಹೋತೂ!"

ಸತ್ಯಪ್ಪ ಎದ್ದು ನಿಂತಿದ್ದ. "ಹ್ಯಾಂಡಲ್ ಎಳೀರಿ! ಲಾಳಿ ಬಿದ್ದೀತು! ಹ್ಯಾಂಡಲ್ ಎಳೀರಿ ಲೇ!" ಎಂದು, ಬೇರೆಯವರಿಗೆ ಹೇಳುತ್ತಲೇ, ಎಡಗೈ ಚಾಚಿ, ಆ ಕತ್ತಲಲ್ಲಿ ಒಂದು ಬೆರಳಗಲ ಕೂಡ ತಪ್ಪದೆ, ಮುದುಕಿಯ ಹಿಡಿಕೆಯನ್ನು ಹಿಡಿದು ಎಳೆದುಬಿಟ್ಟ.

ಕೊಂಡಿ ಬಿಚ್ಚಿತು. ರಾಕೆಟ್ಟಿನ ಮೂತಿ ದಢ್ ಎಂದು ನೆಲಕ್ಕೆ ಬಿತ್ತು. ನಾವೆಲ್ಲ ಬೆಂಚು ಸಹಿತ ಮುಂದಕ್ಕೆ ಜಾರಿದೆವು. ಅಕ್ಕವ್ವ ನನ್ನ ಮೇಲೆ, ನಾನು ಹಣಮವ್ವನ ಬುತ್ತಿಯ ಮೇಲೆ. ಉಡಿಯ ಗಂಟು ಬಿಚ್ಚಿ ಅಕ್ಕಿ ಚೆಲ್ಲಿತು. ತೆಂಗಿನಕಾಯಿ ತಗಡಿನ ಮೇಲೆ ಗುಡುಗಿನ ಹಾಗೆ ಉರುಳಿಕೊಂಡು ಹೋಗಿ ಎಲ್ಲೋ ಠಳ್ ಎಂದಿತು. ಅದು ಚಂದ್ರ ಒಡೆದ ಸದ್ದು.

ಬಿದ್ದ ಏಟಿಗೆ ಮುಂದಿನ ಬಾಗಿಲು ತೆರೆದುಕೊಂಡಿತ್ತು. ಸತ್ಯಪ್ಪ ಇನ್ನೊಂದು ಮಗ್ಗದ ಹಿಡಿಕೆ ಹುಡುಕುತ್ತ ಕತ್ತಲಲ್ಲಿ ನೇರವಾಗಿ ಆ ಬಾಗಿಲಿನತ್ತ ಓಡುತ್ತಿದ್ದ. ಅದರ ಕೆಳಗೆ, ಅದೇ ಏಟಿಗೆ ಮತ್ತೆ ತಿರುಗತೊಡಗಿದ ಮುದುಕಿಯ ಹಲ್ಲಿನ ಚಕ್ರ ಬಾಯಿ ತೆರೆದುಕೊಂಡಿತ್ತು.

"ಸತ್ಯಪ್ಪಾ!"

ಅದು ನಾನಲ್ಲ. ಇಷ್ಟು ವರ್ಷದ ರೂಢಿಯಿಂದ ಎಲ್ಲರೂ ನನ್ನ ಕಡೆಗೇ ತಿರುಗಿದರು. ಆದರೆ ನನ್ನ ಬಾಯಲ್ಲಿ ಹಣಮವ್ವನ ಶೇಂಗಾಚಟ್ನಿ ಇತ್ತು.

"ಸತ್ಯಪ್ಪಾ! ನಿಲ್ಲೋ! ಸತ್ಯಪ್ಪಾ!"

ಅವನು ನಿಂತ. ಅವನ ಕಾಲು ಚಕ್ರದ ಅಂಚಿನಲ್ಲೇ ಇತ್ತು. ಅವನು ನಿಂತದ್ದು ಚಕ್ರವನ್ನು ನೋಡಿ ಅಲ್ಲ. ಆ ಸ್ವರ ಯಾರದೆಂದು ಅವನಿಗೆ ತಿಳಿದಿತ್ತು. ಮೆಲ್ಲಗೆ ಹಿಂದಿರುಗಿ ನೋಡಿದ. ಹೊರಗಿನ ದೀಪದ ಬೆಳಕು ಒಳಗೆ ಬಿದ್ದಿತ್ತು; ಸೆರಗು ಜಾರಿ, ಕಂಬಳಿ ಜಾರಿ, ಅಕ್ಕಿಯ ನಡುವೆ ಮಂಡಿಯೂರಿ ಮುಕ್ತಾಬಾಯಿ ಕೂತಿದ್ದಳು. ಎರಡೂ ಕೈ ಬಾಯಿ ಮುಚ್ಚಿಕೊಂಡಿದ್ದವು.

ಹೊರಗಿನಿಂದ ಕಾಡಪ್ಪನ ದನಿ ಬಂತು: "ಮುಟ್ಟಿದ್ರೇನ್ರಿ?"

ನಾವು ತಿರುಗಿ ಬಸ್‌ಸ್ಟ್ಯಾಂಡಿಗೆ ಹೊರಟೆವು. ಜಿನಗೊಂಡ ಮೈದಾನದ ಬಾಗಿಲ ತನಕ ಹಿಂದೆ ಬಂದು ಬಹಳ ಮಾತಾಡಿದ. ಅದನ್ನು ಬರೆಯುವ ಹಾಗಿಲ್ಲ. ಇನ್ನೊಂದು ಸಲ ಹತ್ತಿಸಿರಿ ಎಂದು ಸತ್ಯಪ್ಪ ಕೈ ಮುಗಿದಾಗ ಅವನು ಸೊಟ್ಟಗಾದ ಮೂತಿಯನ್ನೂ ತೆಂಗಿನಕಾಯಿ ಹೊಕ್ಕ ಚಂದ್ರನನ್ನೂ ತೋರಿಸಿದ. ಪ್ರದರ್ಶನ ಮರುದಿನ ಕಟ್ಟಿಕೊಂಡು ಬೇರೆ ಊರಿಗೆ ಹೋಗುವುದಿತ್ತು.

ಬೆಂಚಿನ ಮೇಲೆ ಕೂತ ಮೇಲೆ ಪಂಚಾಯ್ತಿ ಶುರುವಾಯಿತು. ಹೆಸರು ಹೇಳಿದ ಹಾಗಾಯಿತೋ, ಇಲ್ಲವೋ?

"ಆಗಿಲ್ಲ," ಎಂದಳು ಅಕ್ಕವ್ವ, ಹಣೆಯ ಬುಗುಟಿ ಒತ್ತಿಕೊಳ್ಳುತ್ತ. "ಒಡಪಿಲ್ಲ, ಏನಿಲ್ಲ. ಬರೇ ಒದರ್ಯಾಳ. ಮ್ಯಾಲ 'ನಿಲ್ಲೋ' ಅಂದಾಳ. ಗಂಡಗ 'ಲೋ' ಅಂತ ಯಾವ ಒಡಪಿನ್ಯಾಗ ಬರತೈತಿ?"

"ಹೆಸರಂದ್ರ ಹೆಸರು," ಎಂದ ಕಾಡಪ್ಪ. "ಹಿಂಡು ಬಿಟ್ಟು ಕೊಳ್ಳದ ಕಡೆ ಓಡೂ ಕುರೀನ ಪದ್ಯ ಕಟ್ಟಿ ಕರೀತೀವೇನ್ರಿ ಅಕ್ಕಾರ?"

"ಆದ್ರ ಚಂದ್ರ ಮುಟ್ಟೂದ್ರಾಗ ಹೇಳ್ಯಾಳಲ್ಲ," ಎಂದಳು ಹಣಮವ್ವ ಕಣ್ಣೊರೆಸಿಕೊಂಡು. "ಮುಟ್ಟಿದ ಮ್ಯಾಲ ಅಂದಿದ್ದಳು."

"ಆಯುಷ್ಯದ ಗತಿ ಏನ್ರಿ?" ಎಂದಳು ಅಕ್ಕವ್ವ. "ಮೂರು ಸಲ ಹೇಳ್ಯಾಳ."

"ಹೇಳಿಲ್ದಿದ್ರ ಆಯುಷ್ಯ ಇವತ್ತ ಮುಗೀತಿತ್ತು," ಎಂದ ಕಾಡಪ್ಪ. ಅಷ್ಟರಲ್ಲಿ ಗಡಹಿಂಗ್ಲಜದ ಬಸ್ಸು ಬಂತು. ಕಂಡಕ್ಟರ್ ಅದೇ ಮನುಷ್ಯ. "ಹೋಗಿ ಬಂದ್ರೇನ್ರಿ?" ಎಂದ. ಕಾಡಪ್ಪ ಟಗರನ್ನು ಮುಂದೆ ಹತ್ತಿಸಿ, "ಇದು ಹೋಗಿ ಬಂತು," ಎಂದ.

ಮುಕ್ತಾಬಾಯಿ ಸೆರಗಿನಲ್ಲಿ ಉಳಿದ ಅಕ್ಕಿಕಾಳು ಆರಿಸಿ ಮತ್ತೆ ಗಂಟು ಕಟ್ಟುತ್ತಿದ್ದಳು. ಸತ್ಯಪ್ಪ ಅವಳಿಂದ ಎರಡು ಮೊಳ ದೂರ ಕೂತಿದ್ದ. ಅವನಿಗೆ ಹದಿನೈದು ವರ್ಷ ಬೇಕೆನಿಸಿದ್ದು ಸಿಕ್ಕಿತ್ತು, ಸಿಗಬೇಕಾದ ರೀತಿಯಲ್ಲಿ ಸಿಕ್ಕಿರಲಿಲ್ಲ. ಮುಖದ ಮೇಲೆ ನಗು ಬಂದು ನಿಂತು, ತಾನು ಸರಿಯಾದ ಮನೆಗೆ ಬಂದೆನೋ ಇಲ್ಲವೋ ಎಂದು ಅನುಮಾನಿಸುತ್ತಿತ್ತು. ಮೇಲೆ ಹುಣ್ಣಿಮೆಯ ಚಂದ್ರ ದೊಡ್ಡದಾಗಿ ಎದ್ದಿದ್ದ. ಯಾರೂ ಅತ್ತ ನೋಡಲಿಲ್ಲ.

ಮರುದಿನ ನಸುಕಿನ ಪಾಳಿ. ನಾನು ಒಲೆ ಹೊತ್ತಿಸುತ್ತಿದ್ದೆ. ಗೋಡೆಯಾಚೆ ದಿನಾ ಕೇಳುವ "ರೀ, ಏಳ್ರಿ, ಪಾಳಿ ಐತಿ" ಎಂಬ ಮಾತಿಗೆ ಕಾಯುತ್ತಿದ್ದೆ. ನನ್ನ ಯಜಮಾನರನ್ನೂ ನಾನು ಅದೇ ಕೂಗಿಗೆ ಎಬ್ಬಿಸುವುದು.

"ಸತ್ಯಪ್ಪಾ," ಎಂದಿತು ಗೋಡೆ, ಮೆಲ್ಲಗೆ. "ಏಳ್ರಿ."

ನನ್ನ ಕೈಯಲ್ಲಿನ ಊದುಗೊಳವೆ ಹಾಗೇ ನಿಂತಿತು. ಒಮ್ಮೆ ಬಾಯಿಗೆ ಬಂದ ಹೆಸರನ್ನು ಮತ್ತೆ ಒಳಗೆ ಹಾಕುವುದು ಅವಳಿಗೆ ಸಾಧ್ಯವಾಗಲಿಲ್ಲವೋ, ಅಥವಾ ಬೇಡವೆನಿಸಿತೋ, ನನಗೆ ತಿಳಿಯದು. ಓಣಿಯವರು ಒಂದು ತಿಂಗಳು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅಕ್ಕವ್ವ ಸಂಕ್ರಮಣಕ್ಕೆ ಅವಳನ್ನು ಕರೆದಳು, ಒಡಪು ಹಾಕೆಂದು ಮಾತ್ರ ಮತ್ತೆ ಕೇಳಲಿಲ್ಲ. ಪಾತ್ರೆ ತಿಕ್ಕುವಾಗ ಅವಳು ಹೇಳಿಕೊಳ್ಳುತ್ತಿದ್ದ ಆ ಒಡಪು ನನಗೆ ಪೂರ್ತಿ ಬಾಯಿಪಾಠ ಇದೆ. ಅದನ್ನು ಹೇಳುವುದು ನನ್ನ ಕೆಲಸವಲ್ಲ.

ಸತ್ಯಪ್ಪ ಈಗ ಒಂದು ಕೂಗಿಗೆ ಏಳುವುದಿಲ್ಲ. ಎಚ್ಚರವಿದ್ದರೂ ಮಲಗಿಯೇ ಇರುತ್ತಾನೆ, ಎರಡನೆಯ ಸಲ ಕರೆಯಲೆಂದು. ಇದರಿಂದ ಪಾಳಿಗೆ ತಡವಾಗಿ ಮಾಲಕನಿಂದ ಬೈಸಿಕೊಂಡದ್ದೂ ಇದೆ.

ಮುಕ್ತಾಬಾಯಿಯನ್ನು ಅವನು ಚಂದ್ರಲೋಕಕ್ಕೆ ಕರೆದುಕೊಂಡು ಹೋಗಲಿಲ್ಲ.